ಹತ್ತು ಲಕ್ಷದ ಮೂರು ಪಾಲು

ಈ ಕಥೆ ಹೇಳುವ ಅಜ್ಜನಿಗೆ ಅರಳುಮರಳು ಎಂದು ಕಿಸಕ್ಕನೆ ನಗುವವರೇ, ಮೊದಲು ನಿಮ್ಮ ಹೆಂಡತಿಯ ಫೋನ್ ನಂಬರನ್ನು ನೋಡದೆ ಹೇಳಿ. ಆಗಲಿಲ್ಲವಲ್ಲ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೇಳಿ. ಈ ಕಥೆಯ ನಂಬರು ಹತ್ತು ಲಕ್ಷದ ಮೂರೇ. ನನಗೆ ಚೆನ್ನಾಗಿ ನೆನಪಿದೆ.

ಆವರಗೆರೆಯಲ್ಲಿ ಅಕ್ಕಿ ಗಿರಣಿ ನಡೆಸುವ ಪಂಚಾಕ್ಷರಪ್ಪನಿಗೆ ಒಂದೇ ಭಯ: ಇಬ್ಬರು ಮಕ್ಕಳು ಗಿರಣಿಯ ನಡುವೆ ಗೋಡೆ ಎಬ್ಬಿಸಿಬಿಟ್ಟರೆ? ಹರಿಹರದಲ್ಲಿ ಗಣಿತದ ಮೇಷ್ಟ್ರಾಗಿರುವ ಷಡ್ಡಕ ರುದ್ರಮುನಿಯ ಮನೆಗೆ ಹೋಗಿ ಗೋಳಾಡಿದ.

“ಸಮಪಾಲು ಮಾಡಾಕೆ ಆಗದಂಥ ನಂಬರು ಐತೇನ್ರಿ?”

“ಅವಿಭಾಜ್ಯ ಸಂಖ್ಯೆ ಐತಲ್ರಿ. ಒಂದು ಬಿಟ್ರೆ, ತನ್ನನ್ನ ಬಿಟ್ರೆ, ಬೇರೆ ಯಾವುದ್ರಿಂದ್ಲೂ ಭಾಗ ಹೋಗಲ್ಲ. ಹತ್ತು ಲಕ್ಷದ ಮೂರು ತಗಳ್ರಿ.”

“ಅದಕ್ಕಿಂತ ದೊಡ್ಡದು?”

“ಹುಡುಕ್ತಾ ಹೋದ್ರೆ ಕೊನೇನೇ ಇಲ್ಲ. ನಿಮ್ಗಿರೋದು ಇಬ್ರೇ ಮಕ್ಳು, ಮೂರು ಅಂದ್ರೂ ಸಾಕಿತ್ತು ಬಿಡ್ರಿ.”

ಗಿರಣಿ ಮಾಲೀಕನಿಗೆ ಬರೀ ಮೂರು ಎಂದರೆ ಮರ್ಯಾದೆಯೇ? ಪಂಚಾಕ್ಷರಪ್ಪ ಗಿರಣಿಯನ್ನು ಕಂಪನಿ ಮಾಡಿ, ಹತ್ತು ಲಕ್ಷದ ಮೂರು ಷೇರು ಮಾಡಿಸಿ, ಮಕ್ಕಳೆದುರು ಮೀಸೆ ತಿರುವಿದ. “ಒಂದೂ ಹೆಚ್ಚುಕಮ್ಮಿ ಇಲ್ದಂಗೆ ಇಬ್ರೂ ಹಂಚ್ಕೊಳ್ರಿ ನೋಡಾಣ, ಇವತ್ತೇ ಬರ್ಕೊಡ್ತೀನಿ!”

ಹಿರಿಸೊಸೆ ಆಶಾರಾಣಿ ಅಡುಗೆಮನೆಯಿಂದಲೇ ಕೂಗಿದಳು. “ಮಾವಾರೆ, ಕಣದಾಗೆ ರಾಶಿ ಅಳೆಯೋ ಮುಂಚೆ ಉಕ್ಕಡಗಾತ್ರಿ ಅಜ್ಜಯ್ಯಂದು ಅಂತ ದೇವ್ರ ಪಾಲು ಎತ್ತಿಡ್ತೀರಿ. ಇದ್ರಾಗೆ ಯಾಕ ಮರೆತ್ರಿ? ಒಂದು ಷೇರು ಅಜ್ಜಯ್ಯಂಗೆ ಇಡ್ರಿ. ಉಳಿದದ್ದು ಸರಿಯಾಗಿ ಎರಡು ಪಾಲು!”

ಪಂಚಾಕ್ಷರಪ್ಪ ರುದ್ರಮುನಿಗೆ ಫೋನು ಮಾಡಿದ.

“ಹೌದಲ್ರಿ! ಎರಡನ್ನೊಂದು ಬಿಟ್ರೆ ಅವಿಭಾಜ್ಯ ಸಂಖ್ಯೆ ಎಲ್ಲಾ ಬೆಸ. ಒಂದು ತೆಗೆದ್ರೆ ಸಮ ಆಗ್ತವೆ. ಎಷ್ಟು ದೊಡ್ಡದು ತಂದ್ರೂ ಅಷ್ಟೇ.”

“ಮೊದ್ಲೇ ಹೇಳಾಕೆ ಏನಾಗಿತ್ತು ನಿಮ್ಗೆ?”

“ದೇವ್ರೂ ಪಾಲಿಗೆ ಬರ್ತಾನೆ ಅಂತ ನೀವು ಹೇಳಿದ್ರಾ?”

ಕೊಟ್ಟ ಮಾತು, ಷೇರು ಹಂಚಿದ್ದಾಯಿತು. ಅಜ್ಜಯ್ಯನ ಷೇರನ್ನು ಅಪ್ಪನೇ ನೋಡಿಕೊಳ್ಳಲಿ ಎಂದು ಮಕ್ಕಳು ಉದಾರವಾಗಿ ಸಹಿ ಹಾಕಿದರು. ಒಂದು ಷೇರು ತಾನೇ!

ಮೊದಲ ಸಭೆಯಲ್ಲೇ ಹಿರಿಯ ಮಗ ಬಕ್ಕೇಶ್, ಗೋಡೆ ಕಟ್ಟಿ ಬಾಯ್ಲರ್ ಇರುವ ಕಡೆ ತನಗೆ ಕೊಡಿ ಎಂದ. ಕಿರಿಯವ ವಿಜಯಕುಮಾರ್ ಸುತಾರಾಂ ಒಪ್ಪಲಿಲ್ಲ. ಇತ್ತ ಐದು ಲಕ್ಷದ ಒಂದು ಓಟು, ಅತ್ತಲೂ ಅಷ್ಟೇ.

ಪಂಚಾಕ್ಷರಪ್ಪನ ಮುಖ ನಿಧಾನಕ್ಕೆ ಅರಳಿತು. “ಅಜ್ಜಯ್ಯಂದೂ ಒಂದು ಓಟೈತೆ.”

“ಅಜ್ಜಯ್ಯ ಬಂದು ಕೈ ಎತ್ತಾನೇನಪ್ಪಾ?” ಎಂದ ಬಕ್ಕೇಶ್.

“ಷೇರು ಅಜ್ಜಯ್ಯಂದು, ಕೈ ನಂದು. ಗೋಡೆ ಬ್ಯಾಡ ಅಂತಾನೆ.”

“ಹಂಗಾದ್ರೆ ಬಾಯ್ಲರ್ ಕಡೆ ನಂಗೆ ಕೊಡ್ಸಪ್ಪಾ,” ಎಂದ ವಿಜಯಕುಮಾರ್.

“ನಿಂಗೂ ಬ್ಯಾಡ ಅಂತಾನೆ.”

ಗಿರಣಿ ಇಂದಿಗೂ ಒಂದೇ. ಪಾಲಿಗಾಗಿ ಕಿತ್ತಾಡುತ್ತಿರುವ ನಿಮ್ಮ ನೆಂಟರ ಗುಂಪುಗಳಿಗೆಲ್ಲ ಇದನ್ನು ದಾಟಿಸಿ. ಆಶಾರಾಣಿಗೆ ಮಾತ್ರ ಕಳಿಸಬೇಡಿ. ಆಕೆ ಈಗ ಅಜ್ಜಯ್ಯನ ಷೇರನ್ನೇ ಎರಡು ಮಾಡುವ ದಾರಿ ಹುಡುಕುತ್ತಿದ್ದಾಳಂತೆ.