ಎರಡು ನಕ್ಷತ್ರ

ಕುಮುದಗಿರಿ ಉಕ್ಕಿನ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಶ್ರೀವಾಣಿಗೆ ಹೆದರದವರಿರಲಿಲ್ಲ. ಕೆಲಸ ಬಲ್ಲವಳು, ಖರೆ. ಆದರೆ ಬಾಯಿ ತೆಗೆದರೆ ಮೆಣಸಿನಕಾಯಿ. ಅವತ್ತಂತೂ ಅವಳ ಮುಖ ನೋಡಲಾಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಜೋಪಾನ ಮಾಡಿಕೊಂಡು ಬಂದ ಹಳೆಯ ಮೇನ್‌ಫ್ರೇಮ್ ಯಂತ್ರವನ್ನು ಸಂಜೆ ಶಿಫ್ಟ್ ಬಿಟ್ಟ ಮೇಲೆ ಅವಳೇ ಕೈಯಾರೆ ಬಂದ್ ಮಾಡಬೇಕಿತ್ತು. ಈಗ ಕೆಲಸದಲ್ಲಿರುವವರ ಫೈಲುಗಳೆಲ್ಲ ಹೊಸ ಯಂತ್ರಕ್ಕೆ ಹೋಗಿಯಾಗಿತ್ತು. ಬಿಟ್ಟುಹೋದವರದ್ದು ಯಾರಿಗೂ ಬೇಕಿರಲಿಲ್ಲ. ಬೆಳಗಾದರೆ ಗುಜರಿ ಗಾಡಿ ಬರುವುದಿತ್ತು.

ಕಸ ಗುಡಿಸುವ ಜಂಬಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಬಾಗಿಲಲ್ಲೇ ನಿಂತುಬಿಟ್ಟಳು.

“ಏನ್ ಜಂಬಮ್ಮ, ಯಾಕ ಹಂಗ ನಿಂತಿ?”

“ಈ ಮಿಷಿನ್ ಬಂದ್ ಮಾಡ್ತೀರಂತಲ್ರಿ ಮೇಡಂ. ಅದಕ್ಕೂ ಮೊದ್ಲ, ಅದರಾಗಿನ ಗೇಟಿನ ಲೆಕ್ಕದಾಗ ನಮ್ ಮನಿಯವ್ರು ಹೊರಗ ಹೋದ್ರೋ ಇಲ್ಲೋ, ಒಂದ್ಸಲ ನೋಡಿ ಹೇಳ್ರಿ. ನಿಮ್ ಕಾಲಿಗೆ ಬೀಳ್ತೀನಿ.”

ಜಂಬಮ್ಮನ ಕತೆ ಕಾರ್ಖಾನೆಗೆಲ್ಲ ಗೊತ್ತಿದ್ದದ್ದೇ. ಗಾದಿಗನೂರಿನವಳು. ಗಂಡ ಗುತ್ತಿಗೆ ಕೂಲಿಯವನು, ವರ್ಷಗಳ ಹಿಂದೆ ಒಂದು ಮುಂಜಾನೆ ಬುತ್ತಿ ಕಟ್ಟಿಸಿಕೊಂಡು ಕೆಲಸಕ್ಕೆ ಬಂದವನು ಮನೆಗೆ ತಿರುಗಿ ಹೋಗಲಿಲ್ಲ. ಶಿಫ್ಟ್ ಮುಗಿಸಿ ಗೇಟು ದಾಟಿ ಹೋದ, ಆಮೇಲಿನದು ನಮಗೆ ಗೊತ್ತಿಲ್ಲ ಎಂದಿತು ಕಾರ್ಖಾನೆ. ಅದಕ್ಕೆ ಊರು ಉಪ್ಪುಖಾರ ಹಚ್ಚಿ, ಕಂಪ್ಲಿಯವಳೊಬ್ಬಳ ಜೊತೆ ಓಡಿಹೋದ ಎಂದಿತು. ಊರ ಬಾಯಿಗೆ ಹೊಲಿಗೆ ಹಾಕಲಾದೀತೇ? ಜಂಬಮ್ಮ ಮಾತ್ರ, “ಒಳಗ ಹೋಗಿದ್ದು ಎಲ್ಲಾರೂ ನೋಡ್ಯಾರ, ಹೊರಗ ಬಂದಿದ್ದು ಯಾರ್ ನೋಡ್ಯಾರ ಹೇಳ್ರಿ” ಎಂದು ಕೇಳಿ ಕೇಳಿ ಸಾಕಾಗಿ, ಇದೇ ಕಾರ್ಖಾನೆಯಲ್ಲಿ ಪೊರಕೆ ಹಿಡಿದಳು. ಕೈಯ ಹಸಿರು ಬಳೆ ತೆಗೆಯಲಿಲ್ಲ, ಹಣೆಯ ಕುಂಕುಮ ಅಳಿಸಲಿಲ್ಲ.

ಶ್ರೀವಾಣಿ ಗಡಿಯಾರ ನೋಡಿದಳು. ಶಿಫ್ಟ್ ಬಿಡುವ ಹೊತ್ತು ಹತ್ತಿರವಾಗಿತ್ತು. “ಆತು, ಹೆಸರು ಹೇಳು ನಿನ್ನ ಗಂಡಂದು.”

ಜಂಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಗಂಡನ ಹೆಸರು ಹೆಂಗ್ ಹೇಳ್ಲಿರಿ? ಆಯುಷ್ಯ ಕಮ್ಮಿ ಆಗ್ತತಿ.”

“ಹೆಸರು ಹೇಳದೆ ಹುಡುಕು ಅಂದ್ರ ನಾನೇನು ಕಣಿ ಹೇಳೋಳೇನ?”

ಬೈದಳೇ ಹೊರತು ಕೈ ಆಗಲೇ ಕೀಲಿಮಣೆಯ ಮೇಲಿತ್ತು. ನಿಜ ಹೇಳಬೇಕೆಂದರೆ ಹೆಸರಿನಿಂದ ಪ್ರಯೋಜನವೂ ಇರಲಿಲ್ಲ. ಆಗಿನ ಗುತ್ತಿಗೆ ಕೂಲಿಗಳ ಹೆಸರನ್ನು ಕಾರ್ಖಾನೆ ಬರೆದುಕೊಳ್ಳುತ್ತಲೇ ಇರಲಿಲ್ಲ. ಊರು, ಗೇಟಿನ ಕಾರ್ಡಿನ ನಂಬರು, ಮುಗಿಯಿತು. ನಂಬರು ನಾಲ್ಕರಿಂದ ಶುರು, ಏಳಕ್ಕೆ ಕೊನೆ ಎಂದು ಜಂಬಮ್ಮನಿಗೆ ನೆನಪಿತ್ತು. ನಡುವಿನದು ಮರೆತಿತ್ತು.

ಅಷ್ಟು ಸಾಕು. ಹಳೆಯ ಯಂತ್ರದಲ್ಲಿ ನಮಗೆ ಗೊತ್ತಿದ್ದದ್ದನ್ನು ಬರೆದು, ಗೊತ್ತಿಲ್ಲದ ಜಾಗದಲ್ಲಿ ಕೀಲಿಮಣೆಯ ಒಂದು ನಕ್ಷತ್ರದ ಗುರುತು ಇಟ್ಟರೆ ಆಯಿತು, ಅಲ್ಲಿ ಏನಿದ್ದರೂ ಸರಿ ಎಂದುಕೊಂಡು ಹುಡುಕಿ ತರುತ್ತದೆ. ಎರಡು ನಕ್ಷತ್ರ ಇಟ್ಟರೆ ಮಾತ್ರ ಅದಕ್ಕೆ ಹದ್ದುಬಸ್ತೇ ಇಲ್ಲ, ಅಲ್ಲಿಂದ ಕೆಳಗಿರುವ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಶ್ರೀವಾಣಿ ಒತ್ತಿದಳು: ಗೇಟು, ಚುಕ್ಕೆ, ಗಾದಿಗನೂರು, ಚುಕ್ಕೆ, ನಾಲ್ಕು, ನಕ್ಷತ್ರ, ಏಳು.

ಬಂದದ್ದು ಒಂದೇ ಫೈಲು. ತೆಗೆದಳು.

ಮುಂಜಾನೆ ಒಳಗೆ ಬಂದದ್ದು ಮೊದಲ ಸಾಲು. ಅದರ ಕೆಳಗೆ, ಶಿಫ್ಟ್ ಬಿಡುವ ಮೊದಲೇ, ಅವನಿನ್ನೂ ಒಳಗಿರುವಾಗಲೇ, ಆಫೀಸಿನವರು ಸೇರಿಸಿದ ಸಾಲು: ಕೆಲಸ ಬಿಟ್ಟಿದ್ದಾನೆ, ಕಾರ್ಡ್ ರದ್ದು. ಅದರ ಕೆಳಗೆ, ಶಿಫ್ಟ್ ಬಿಟ್ಟ ಹೊತ್ತಿಗೆ: ಹೊರಗೇಟು, ಕಾರ್ಡ್ ರದ್ದು, ಬಿಡಲಿಲ್ಲ.

ಮರುದಿನ ಅದೇ ಹೊತ್ತಿಗೆ: ಹೊರಗೇಟು, ಕಾರ್ಡ್ ರದ್ದು, ಬಿಡಲಿಲ್ಲ. ಅದರ ಮರುದಿನವೂ ಅದೇ. ಶ್ರೀವಾಣಿ ಪುಟ ಸರಿಸಿದಳು, ಮತ್ತೆ ಸರಿಸಿದಳು. ಒಂದು ಸಂಜೆಯೂ ತಪ್ಪಿರಲಿಲ್ಲ. ಆ ಹಳೆಯ ಗೇಟನ್ನು ಕಿತ್ತು ಗೋಡೆ ಕಟ್ಟಿದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಗೋಡೆ ಎದ್ದ ಮೇಲೂ ಸಾಲುಗಳು ನಿಂತಿರಲಿಲ್ಲ.

ಅಷ್ಟರಲ್ಲಿ ಹೊರಗೆ ಶಿಫ್ಟಿನ ಸೈರನ್ ಕೂಗಿತು. ಅವಳ ಕಣ್ಣೆದುರಿಗೇ ಕೆಳಗೊಂದು ಹೊಸ ಸಾಲು ಮೂಡಿತು. ಹೊರಗೇಟು, ಕಾರ್ಡ್ ರದ್ದು, ಬಿಡಲಿಲ್ಲ.

“ಗುರುರಾಯರೇ, ಕಾಪಾಡ್ರಿ...” ಎಂದಳು ಶ್ರೀವಾಣಿ. ಏನೂ ಸಿಗಲಿಲ್ಲ ಎಂದುಬಿಡೋಣವೆ ಎಂದುಕೊಂಡಳು. ಜಂಬಮ್ಮನ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಓದಿ ಹೇಳಿದಳು.

ಜಂಬಮ್ಮ ಒಳಗೆ ಬಂದು ಪರದೆಯ ಎದುರು ನಿಂತಳು. “ಓಡಿಹೋಗಿಲ್ಲ ನೋಡ್ರಿ! ನಾ ಅವತ್ತಿಂದ ಬಾಯಿ ಬಡಕೊಂಡೆ, ಯಾರಾದ್ರೂ ಕೇಳಿದ್ರಾ? ಮನೀಗೆ ಬರಾಕ ದಿನಾ ಗೇಟಿಗೆ ಬಂದು ನಿಂತಾರ ಪಾಪ, ದಿನಾ ಹಿಂದಕ್ ಕಳಿಸ್ಯಾರ.” ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಥಟ್ಟನೆ ಶ್ರೀವಾಣಿಯ ಕೈ ಹಿಡಿದಳು. “ಮಿಷಿನ್ ಬಂದ್ ಮಾಡಿದ್ರ ಇವರು ಒಳಗ ಉಳೀತಾರಲ್ರಿ ತಾಯಿ. ಗೇಟ್ ತೆಗೀರಿ!”

ರದ್ದಾದ ಕಾರ್ಡನ್ನು ಮತ್ತೆ ಚಾಲೂ ಮಾಡುವುದು ಶ್ರೀವಾಣಿಗೆ ಕಷ್ಟದ ಕೆಲಸವಲ್ಲ. ಆದರೆ ಕಾರ್ಡುಗಳು ಗುತ್ತಿಗೆದಾರರ ಹೆಸರಿನ ಕೆಳಗಿದ್ದವು. ಗುತ್ತಿಗೆದಾರನ ಕೆಳಗೊಬ್ಬ, ಅವನ ಕೆಳಗಿನ್ನೊಬ್ಬ, ಕೊನೆಗೆ ಕೂಲಿಯವನಿಗೇ ತಾನು ಯಾರ ಆಳೆಂದು ಗೊತ್ತಿರುತ್ತಿರಲಿಲ್ಲ. ಆ ಎಲ್ಲರ ಜಾಗಕ್ಕೂ ಎರಡು ನಕ್ಷತ್ರ ಇಟ್ಟು, ಕೊನೆಗೆ ಜಂಬಮ್ಮನ ಗಂಡನ ಕಾರ್ಡ್ ನಂಬರು ಬರೆಯಬೇಕು. ನಕ್ಷತ್ರ ಇಟ್ಟಳು. ಮೇಲಿನ ಆಫೀಸಿನಿಂದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಆಯಿತೇ, ಆರಿಸಿದಿರಾ ಎಂದು ಕೇಳಲಿಕ್ಕೆ. ಆ ಗಡಿಬಿಡಿಯಲ್ಲಿ ನಂಬರು ಬರೆಯುವುದನ್ನು ಮರೆತು ಒತ್ತಿಬಿಟ್ಟಳು.

ಪರದೆಯ ಮೇಲೆ ಒಂದು ಸಾಲು ಬಂತು: ಹೊರಗೇಟು, ಗಾದಿಗನೂರು, ಹೋದ.

ಜಂಬಮ್ಮ ಕೈಮುಗಿದಳು. ಅಷ್ಟಕ್ಕೆ ನಿಲ್ಲಲಿಲ್ಲ. ಹೊರಗೇಟು, ಚೋರನೂರು, ಹೋದ. ಹೊರಗೇಟು, ಕಂಪ್ಲಿ, ಹೋದ. ಸಂಡೂರು, ಹೋದ. ಮತ್ತೆ ಸಂಡೂರು. ಒಡಿಶಾದ, ಬಿಹಾರದ ಊರುಗಳೂ ಬಂದವು. ಓದಲಾಗದಷ್ಟು ಜೋರಾಗಿ ಸಾಲುಗಳು ಮೇಲಕ್ಕೆ ಓಡಿದವು. ಒಂದರಲ್ಲೂ ಹೆಸರಿರಲಿಲ್ಲ. ಇಷ್ಟು ಜನವೇ! ಇಷ್ಟು ಜನ ಒಳಗೇ ಉಳಿದುಹೋಗಿದ್ದಾರೆಯೇ! ಆಮೇಲೆ ಪರದೆ ತಾನಾಗಿಯೇ ಕಪ್ಪಾಯಿತು. ಶ್ರೀವಾಣಿ ಆರಿಸಿರಲಿಲ್ಲ.

ಹೊಸಪೇಟೆ ಬಸ್ಸಿಗೆ ಇಬ್ಬರೂ ಜೊತೆಯಲ್ಲೇ ಹತ್ತಿದರು. ಸಂಜೆಗತ್ತಲು. ಕೆಂಪು ಧೂಳು ಕುಳಿತ ಹಿಂದಿನ ಸೀಟುಗಳೆಲ್ಲ ಖಾಲಿ. ಆದರೂ ಬಸ್ಸು ಏರು ಬಂದಲ್ಲಿ ತುಂಬಿದ ಬಸ್ಸಿನಂತೆ ಏದುಸಿರು ಬಿಟ್ಟು ಎಳೆಯುತ್ತಿತ್ತು. ಒಳಗೆ ಎಣ್ಣೆ, ಬೆವರು, ಬುತ್ತಿಯ ಹಳಸಲು ರೊಟ್ಟಿಯ ವಾಸನೆ.

“ನಂದು ಫ್ರೀ ಟಿಕೆಟ್” ಎಂದು ಜಂಬಮ್ಮ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದಳು. “ಗಂಡಸ್ರದ್ದು ಒಂದು ಕೊಡ್ರಿ, ಗಾದಿಗನೂರಿಗೆ.”

“ಗಂಡಸ್ರು ಎಲ್ಲದಾರಬೇ?” ಕಂಡಕ್ಟರ್ ಸುತ್ತ ನೋಡಿದ. ಅವಳು ದುಡ್ಡು ಚಾಚಿದಳು. ಅವನು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಶ್ರೀವಾಣಿ ಅವಳ ಕಿವಿಯ ಹತ್ತಿರ ಬಗ್ಗಿದಳು. ತನ್ನ ಅಮ್ಮ ಸರಸ್ವತೀಬಾಯಿ ಊಟಕ್ಕೆ ಎಲೆ ಹಾಕುವಾಗೆಲ್ಲ ಹೇಳುತ್ತಿದ್ದ ಮಾತು ನೆನಪಾಗಿತ್ತು: ಹೆಸರು ಹಿಡಿದು ಕರಿ, ಯಾರಾದರೂ ಬರ್ರಿ ಅಂದರೆ ಯಾರೋ ಬರುತ್ತಾರೆ.

“ಜಂಬಮ್ಮ, ನನ್ನಿಂದ ತಪ್ಪಾತು. ಎಲ್ಲಾರಿಗೂ ಗೇಟ್ ತೆಗೆದುಬಿಟ್ಟೆ. ನೀ ಸುಮ್ನ ‘ಬರ್ರಿ’ ಅಂದಿ ಅಂದ್ರ ಎಲ್ಲಾರೂ ನಿನ್ನ ಹಿಂದ ಇಳೀತಾರ.”

ಜಂಬಮ್ಮ ಬಹಳ ಹೊತ್ತು ಕೈಬಳೆ ತಿರುವುತ್ತ ಕುಳಿತಳು. ಹೆಸರು ಹೇಳಿದರೆ, ಕಮ್ಮಿಯಾಗಲು ಅವನಿಗಿನ್ನು ಆಯುಷ್ಯವೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಗಾದಿಗನೂರು ಬಂತು. ಅವಳು ಮೆಟ್ಟಿಲ ಹತ್ತಿರ ಹೋಗಿ ತಿರುಗಿ ನಿಂತು, ಖಾಲಿ ಸೀಟುಗಳ ಕಡೆ ನೋಡಿದಳು. ಆಮೇಲೆ ಜನ್ಮದಲ್ಲಿ ಮೊದಲನೆಯ ಸಲ, ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಮಾರೆಪ್ಪಾ! ಇಳೀರಿ, ನಮ್ಮೂರು ಬಂತು.”

ಅವಳ ಹಿಂದೆ ಮೆಟ್ಟಿಲ ತಗಡು ಒಮ್ಮೆ ಕಿರ್ ಎಂದಿತು. ಅವಳು ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟುಕೊಂಡು, ಮಾತಾಡುತ್ತ, ಊರ ಕಡೆ ನಡೆದಳು. ಕಂಡಕ್ಟರ್ ಸೀಟಿ ಊದಿದ.

ಹೊಸಪೇಟೆ ಇನ್ನೂ ದೂರವಿತ್ತು. ಬಸ್ಸು ಹಗುರಾಗಿರಲಿಲ್ಲ. ಶ್ರೀವಾಣಿ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಉಳಿದವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.