ಮುಟ್ಟಬಾರದ ಕಂಬ

ನಾನು ಒಂದು ಖೋ ಖೋ ಕಂಬ. ದೇವಸ್ಥಾನದ ಕಂಬಕ್ಕೆ ಕೆತ್ತನೆ ಇರುತ್ತದೆ, ಕರೆಂಟು ಕಂಬಕ್ಕೆ ದೀಪ ಇರುತ್ತದೆ. ನನಗೆ ಇದ್ದದ್ದು ಒಂದೇ ಹೆಮ್ಮೆ, ಯಾರು ಎಷ್ಟು ಜೋರಾಗಿ ಹಿಡಿದೆಳೆದರೂ ಅಲ್ಲಾಡುವುದಿಲ್ಲ ಎನ್ನುವುದು. ಆ ಹೆಮ್ಮೆಯೇ ಈಗ ಒಳಗೆ ಮುರಿದ ಮುಳ್ಳಿನ ಹಾಗೆ ಚುಚ್ಚುತ್ತದೆ. ಯಾಕೆಂದು ಹೇಳುತ್ತೇನೆ ಕೇಳಿ.

ಹುಟ್ಟಿದ್ದು ಮರಳಹುಂಡಿಯ ನಾಲೆ ಏರಿಯ ಮೇಲೆ, ಕರಿಜಾಲಿ ಮರವಾಗಿ. ಆಡುಗಳು ನನ್ನ ಕಾಯಿ ತಿನ್ನಲು ಬರುತ್ತಿದ್ದವು, ಮಕ್ಕಳು ಮುಳ್ಳಿಗೆ ಹೆದರಿ ದೂರವೇ ಇರುತ್ತಿದ್ದರು. ನಾಲೆ ಅಗಲ ಮಾಡುವಾಗ ನನ್ನನ್ನು ಕಡಿದು ಉರುಳಿಸಿದರು. ಒಲೆಗೆ ಹೋಗಬೇಕಾಗಿದ್ದವನನ್ನು ಉಳಿಸಿದ್ದು ಹೈಸ್ಕೂಲಿನ ಆಟದ ಮೇಷ್ಟ್ರು ಗುರುಮಲ್ಲಪ್ಪ. ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬಡಗಿ ಚೆಲುವಾಚಾರಿಯ ಚಪ್ಪರಕ್ಕೆ ತಂದರು.

"ಆಚಾರ್ರೇ, ಒಂದೇ ಒಂದು ಸಿಬಿರೂ ಇರ್ಬಾರ್ದು. ಹೆಣ್ಮಕ್ಕಳು ಓಡ್ಬಂದು ಹಿಡ್ಕತಾರೆ" ಎಂದರು ಮೇಷ್ಟ್ರು.

ಆಚಾರಿ ಬಾಚಿಯಿಂದ ಕೆತ್ತಿ, ಕೀಸುಳಿ ಹಾಕಿ, ಕೊನೆಗೆ ತಮ್ಮ ಕೆನ್ನೆಯನ್ನೇ ನನ್ನ ಮೈಗೆ ಸವರಿ ನೋಡಿದರು. ಮುಳ್ಳಿನ ಮರದ ಮಗ ನಾನು ಹೀಗೆ ನುಣ್ಣಗಾದೆ. ಅದೇ ಬೊಡ್ಡೆಯಿಂದ ಇನ್ನೊಂದು ಕಂಬವೂ ಬಂತು. ಅವನು ಅಣ್ಣನೋ ತಮ್ಮನೋ ಇವತ್ತಿಗೂ ತೀರ್ಮಾನವಾಗಿಲ್ಲ. ಅವನನ್ನು ಶಾಲೆಯ ಮೈದಾನದ ಆ ತುದಿಯಲ್ಲಿ, ನನ್ನನ್ನು ಈ ತುದಿಯಲ್ಲಿ ನೆಟ್ಟು, ಬುಡಕ್ಕೆ ಜಲ್ಲಿ ತುಂಬಿ, ಮೇಷ್ಟ್ರು ಹೆಗಲು ಕೊಟ್ಟು ದಬ್ಬಿದರು. ನಾನು ಕದಲಲಿಲ್ಲ. "ಹಿಂಗಿರ್ಬೇಕು" ಎಂದು ಬೆನ್ನು ತಟ್ಟಿದರು. ಆ ಮೆಚ್ಚುಗೆಗೆ ನಾನು ಉಬ್ಬಿಹೋದೆ.

ನಮ್ಮಿಬ್ಬರ ನಡುವಿನ ಸಾಲಿನಲ್ಲಿ ಹುಡುಗಿಯರು ಕುಕ್ಕರಗಾಲಲ್ಲಿ ಕೂರುತ್ತಾರೆ. ಬೆನ್ನ ಹಿಂದಿನಿಂದ 'ಖೋ' ಎಂದ ತಕ್ಷಣ ಎದ್ದು ಎದುರಾಳಿಯನ್ನು ಅಟ್ಟಬೇಕು. ಅಟ್ಟುವವಳು ಸಾಲನ್ನು ಅಡ್ಡ ದಾಟುವ ಹಾಗಿಲ್ಲ. ಆ ಬದಿಗೆ ಹೋಗಬೇಕಾದರೆ ಕಂಬದವರೆಗೆ ಓಡಿ, ಸುತ್ತಿಕೊಂಡೇ ಬರಬೇಕು. ಓಟದ ಭರದಲ್ಲಿ ಒಂದು ಕೈಯಲ್ಲಿ ನನ್ನನ್ನು ಹಿಡಿದು ಗಿರ್ರನೆ ತಿರುಗುತ್ತಾರೆ. ಹಾಗಾಗಿ ನಾನು ಹುಡುಗಿಯರನ್ನು ಮುಖದಿಂದ ಅಲ್ಲ, ಕೈಯಿಂದ ಗುರುತಿಸುತ್ತಿದ್ದೆ. ಯಾರ ಅಂಗೈ ಬೆವರುತ್ತದೆ, ಯಾರು ಕಡಲೆಕಾಯಿ ತಿಂದು ಕೈ ಒರೆಸಿಕೊಳ್ಳದೆ ಬಂದಿದ್ದಾರೆ, ಎಲ್ಲವೂ ಗೊತ್ತಾಗುತ್ತಿತ್ತು.

ಮೇಷ್ಟ್ರದ್ದು ಒಂದು ಪದ್ಧತಿ ಇತ್ತು. ಕಾಲು ಉಳುಕಿಯೋ ಜ್ವರ ಬಂದೋ ಮನೆಯಲ್ಲಿ ಮಲಗಿದ್ದವಳು ಮತ್ತೆ ಆಟಕ್ಕೆ ಬಂದರೆ, "ಕಂಬ ಸುತ್ತಿ ತೋರ್ಸವ್ವ" ಎನ್ನುತ್ತಿದ್ದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಿರುಸಾಗಿ ಸುತ್ತಿದರೆ ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ತಡವರಿಸಿದರೆ ವಾಪಸು ಮನೆಗೆ. ಊರಿನಲ್ಲಿ ಯಾರೂ ಅದಕ್ಕೆ ಎದುರು ಮಾತಾಡುತ್ತಿರಲಿಲ್ಲ. ನನಗೂ ನಾನೇ ದೊಡ್ಡ ಡಾಕ್ಟರು ಎನ್ನುವ ಜಂಬ ಬಂದುಬಿಟ್ಟಿತ್ತು.

ಚಿಕ್ಕತಾಯಿ ಬಂದದ್ದು ಆ ಕಾಲದಲ್ಲಿ. ಅಜ್ಜಿಯ ಹೆಸರನ್ನು ಅವಳಿಗೆ ಇಟ್ಟಿದ್ದರು. ಜೊತೆಯವರು "ತಾಯೀ, ತಾಯೀ" ಎಂದು ರೇಗಿಸಿದರೆ, "ನಿಲ್ರೋ ಮಕ್ಕಳಾ" ಎಂದು ಅಟ್ಟಿಸಿಕೊಂಡು ಹೋಗುವವಳು. ಎಷ್ಟೊಂದು ಕೈಗಳನ್ನು ಕಂಡ ನಾನು ಅಂಥ ಕೈ ಕಂಡಿರಲಿಲ್ಲ. ಬೆರಳು ಸೋಕಿದ್ದು ತಿಳಿಯುವಷ್ಟರಲ್ಲಿ ಅವಳು ಆ ಬದಿಯಲ್ಲಿ ಇರುತ್ತಿದ್ದಳು. ಕಾಲೇ ಎಲ್ಲ ಕೆಲಸ ಮಾಡುತ್ತಿತ್ತು, ಕೈ ಬರೀ ನಮಸ್ಕಾರ ಹೇಳಿ ಹೋಗುತ್ತಿತ್ತು. ರಾಜ್ಯದ ಜೂನಿಯರ್ ತಂಡಕ್ಕೆ ಇವಳು ಹೋಗಿಯೇ ಹೋಗುತ್ತಾಳೆ ಎಂದು ಮೇಷ್ಟ್ರು ಕಂಡಕಂಡವರಿಗೆ ಹೇಳುತ್ತಿದ್ದರು.

ಹೋಗುವ ಮೊದಲೇ, ಬೇರೊಂದು ಊರಿನ ಪಂದ್ಯದಲ್ಲಿ ಅವಳ ಬಲ ಮಂಡಿ ತಿರುಚಿಕೊಂಡಿತು. ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಅವಳದೇ ತೊಡೆಯ ಹಿಂದಿನಿಂದ ಹುರಿಯಂಥದ್ದೊಂದನ್ನು ತೆಗೆದು ಮಂಡಿಯೊಳಗೆ ಕೂರಿಸಿದರಂತೆ. ಅವಳ ತಾಯಿ ಪುಟ್ಟಮಾದಮ್ಮ ಮೈದಾನದ ಕಟ್ಟೆಯ ಮೇಲೆ ಕೂತು ಮೇಷ್ಟ್ರಿಗೆ ಇದನ್ನೆಲ್ಲ ಹೇಳುವಾಗ ನಾನು ಕೇಳಿಸಿಕೊಂಡೆ.

ಊರುಗೋಲು ಬಿಟ್ಟ ಮೇಲೆ ಚಿಕ್ಕತಾಯಿ ಸಂಜೆ ಹೊತ್ತು ನನ್ನ ಪಕ್ಕದಲ್ಲೇ ವ್ಯಾಯಾಮ ಮಾಡುತ್ತಿದ್ದಳು. ಮೈಸೂರಿನ ಫಿಸಿಯೋ ನಿಖತ್ ಮೇಡಂ ಹೇಳಿಕೊಟ್ಟಿದ್ದನ್ನು ಹಲ್ಲು ಕಚ್ಚಿ ಮಾಡುತ್ತಿದ್ದಳು. ಒಂಟಿ ಕಾಲಲ್ಲಿ ನಿಲ್ಲುವುದು, ನಿಧಾನವಾಗಿ ಕೂತು ಏಳುವುದು. ಎಡ ತೊಡೆಗಿಂತ ಬಲ ತೊಡೆ ಸಣ್ಣಗಾಗಿತ್ತು. ಅದನ್ನು ತುಂಬಿಸಲು ಅವಳು ಪಟ್ಟ ಪಾಡು ನೋಡಿ ನನಗೆ ಅಳು ಬರುತ್ತಿತ್ತು. ಒಣ ಮರಕ್ಕೆ ಎಲ್ಲಿಂದ ಕಣ್ಣೀರು ಬರಬೇಕು?

ಅಷ್ಟರಲ್ಲಿ ರಾಜ್ಯ ತಂಡದ ಆಯ್ಕೆ ನಮ್ಮ ಮೈದಾನದಲ್ಲೇ ಎಂದು ಗೊತ್ತಾಯಿತು. ಆ ಸಂಜೆ ಮೇಷ್ಟ್ರು, ಚಿಕ್ಕತಾಯಿ, ಅವಳ ತಾಯಿ ಮೂವರೂ ನನ್ನ ಹತ್ತಿರವೇ ನಿಂತಿದ್ದರು.

"ಮೇಡಂ ಏನಂದ್ರವ್ವಾ?" ಎಂದು ಮೇಷ್ಟ್ರು ಕೇಳಿದರು.

"ತಿಂಗ್ಳು ಲೆಕ್ಕ ಹಾಕ್ಕಂಡು ಕೂತ್ಕಬೇಡ ಅಂದ್ರು ಸಾ. ಒಂಟಿ ಕಾಲಲ್ಲಿ ನೆಗೆಸಿ, ತೊಡೆ ಬಲ ನೋಡಿ ಆಮೇಲೆ ಹೇಳ್ತೀನಿ, ಮುಂದಿನ ತಿಂಗ್ಳು ಬಾ ಅಂದ್ರು."

"ಆಯ್ಕೆ ಬರೋ ಭಾನುವಾರ."

"ಗೊತ್ತು ಸಾ. ಈ ಸಲ ಬಿಟ್ರೆ ಜೂನಿಯರ್‌ಗೆ ವಯಸ್ಸು ಮೀರ್ತದೆ. ಆಡಿಸ್ಬುಡಿ ಸಾ. ನಂಗೆ ನೋವೇ ಇಲ್ಲ."

ಪುಟ್ಟಮಾದಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದವರು, "ನೋವಿಲ್ಲ ಅಂದ್ರೆ ವಾಸಿ ಆಯ್ತು ಅಂತಲಾ ಮೇಷ್ಟ್ರೇ?" ಎಂದರು.

ಮೇಷ್ಟ್ರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಅವರು ಹುಡುಗಿಯ ಮುಖ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಕಂಬ ಸುತ್ತಿ ತೋರ್ಸು" ಎಂದರು.

ಮೊದಲು ಅವಳು ಬಲಗೈಯಲ್ಲಿ ನನ್ನನ್ನು ಹಿಡಿದು ಬಲಕ್ಕೆ ಸುತ್ತಿದಳು. ಆಗ ಭಾರ ಬೀಳುವುದು ಹೊರಗಿನ ಕಾಲಿಗೆ, ಅಂದರೆ ಗಟ್ಟಿಯಾಗಿದ್ದ ಎಡಗಾಲಿಗೆ. ಬೆರಳು ಸೋಕಿದವು, ಹೋದವು. ಹಳೆಯ ಚಿಕ್ಕತಾಯಿಯೇ ಬಂದಳೆಂದು ನಾನು ಹಿಗ್ಗಿದೆ. ಆಮೇಲೆ ಎಡಗೈ ಹಿಡಿದು ಎಡಕ್ಕೆ ಬಂದಳು. ಈ ಸಲ ಹೊರಬೇಕಾಗಿದ್ದದ್ದು ಬಲಗಾಲು. ಆದರೆ ಅವಳ ಐದು ಬೆರಳೂ ಅಂಗೈ ಸಮೇತ ನನ್ನನ್ನು ಅವುಚಿಕೊಂಡವು, ಉಗುರು ನಾಟಿದವು. ಕಾಲು ಹೊರಲಾರದ ಭಾರವನ್ನೆಲ್ಲ ಕೈ ತಂದು ನನ್ನ ಮೇಲೆ ಹಾಕಿತು. ನನ್ನ ಬುಡದ ಜಲ್ಲಿ ಕರಕ್ ಎಂದಿತು. ನಾನು ಬಿಗಿದು ನಿಂತೆ. ಅವಳು ಗಿರ್ರನೆ ತಿರುಗಿ ಆ ಬದಿಗೆ ಹಾರಿದಳು.

ಮೇಷ್ಟ್ರು ಅವಳ ಕಾಲನ್ನೇ ನೋಡುತ್ತಿದ್ದರು. ಮಂಡಿ ಆಪರೇಷನ್ ಆದವಳ ಕೈಯನ್ನು ಯಾರು ನೋಡುತ್ತಾರೆ?

"ಗಾಳಿ ಇದ್ದಂಗೆ ಇದ್ದೀಯಲ್ಲವ್ವಾ!" ಎಂದರು. ಅವರ ಮುಖ ಅರಳಿತ್ತು. ಅವಳು ತಾಯಿಯನ್ನು ತಬ್ಬಿಕೊಂಡಳು. ಪುಟ್ಟಮಾದಮ್ಮನೂ ನಕ್ಕರು, ಅವರಿಗೂ ನಂಬಬೇಕೆಂಬ ಆಸೆ ಇತ್ತು.

ಅಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ. ಬಾಯಿಲ್ಲ ಸರಿ, ಆದರೆ ಅಲ್ಲಾಡಬಹುದಿತ್ತಲ್ಲ? ಅಷ್ಟು ಜೋರಾಗಿ ಎಳೆದಾಗ ಒಂದು ಬೆರಳಿನಷ್ಟು ಓರೆಯಾಗಿದ್ದರೆ ಅವಳು ತಡವರಿಸುತ್ತಿದ್ದಳು, ಮೇಷ್ಟ್ರು "ಇನ್ನೂ ಬೇಡವ್ವ" ಎನ್ನುತ್ತಿದ್ದರು, ಅವಳು ನಾಲ್ಕು ದಿನ ಅತ್ತು ಮುಂದಿನ ತಿಂಗಳು ಮೈಸೂರಿಗೆ ಹೋಗುತ್ತಿದ್ದಳು. ಆದರೆ ಅಲ್ಲಾಡದಿರುವುದು ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು. ಸಹಾಯ ಮಾಡುತ್ತಿದ್ದೇನೆ ಎಂದೂ ಅಂದುಕೊಂಡೆ. ಇವತ್ತಿಗೂ ಆ ಕರಕ್ ಸದ್ದು ನನ್ನ ಬುಡದಲ್ಲಿ ಕೇಳುತ್ತದೆ.

ಭಾನುವಾರ ಮೈದಾನದ ತುಂಬ ಜನ. ಚಿಕ್ಕತಾಯಿ ನನ್ನ ಹತ್ತಿರ ಬಂದಾಗಲೆಲ್ಲ ಅವುಚಿ ಹಿಡಿದಳು, ನಾನು ದಾಟಿಸಿದೆ. ಆಯ್ಕೆ ಮಾಡಲು ಬಂದಿದ್ದವರು ತಲೆದೂಗುತ್ತಿದ್ದರು. ಆಮೇಲೆ ಅವಳು ಸಾಲಿನ ನಡುವಿನ ಚೌಕದಲ್ಲಿ ಕೂತಿದ್ದಾಗ ಬೆನ್ನ ಹಿಂದೆ 'ಖೋ' ಬಂತು. ಎದ್ದು ಓಡಿದಳು. ಮುಂದಿದ್ದ ಎದುರಾಳಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿದಳು. ಇವಳು ಅವಳನ್ನು ಮುಟ್ಟಲು ಬಲಗಾಲು ಊರಿ ತಿರುಗಬೇಕಾಯಿತು. ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿತು, ಹಿಡಿಯಲು ಏನಾದರೂ ಸಿಗುತ್ತದೆಂದು. ಅಲ್ಲಿ ಕಂಬ ಇರಲಿಲ್ಲ.

ಕೂಗಿದ್ದು ಒಂದೇ ಸಲ. ಬಿದ್ದವಳ ಎಡಗೈ ನೆಲದ ಮಣ್ಣನ್ನು ಹಿಡಿದುಕೊಂಡಿತ್ತು, ನನ್ನನ್ನು ಹಿಡಿದ ಹಾಗೆಯೇ. ಪುಟ್ಟಮಾದಮ್ಮ ಚಪ್ಪಲಿ ಬಿಟ್ಟು ಓಡಿ ಬಂದದ್ದು ಕಂಡಿತು. ಆಮೇಲೆ ಜನ ಸುತ್ತುವರಿದರು, ನನಗೆ ಏನೂ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಬಂದು ನನ್ನ ಬುಡದಲ್ಲಿ ಕೂತರು. "ಆ ತಾಯಿ ಕೇಳಿದ್ಲಲ್ಲ, ನೋವಿಲ್ಲ ಅಂದ್ರೆ ವಾಸಿ ಆಯ್ತಾ ಅಂತ. ಕೇಳಿದ್ಲಲ್ಲ" ಎಂದು ಅದನ್ನೇ ಮತ್ತೆ ಮತ್ತೆ ಅಂದುಕೊಂಡರು. ಬೆನ್ನನ್ನು ನನಗೆ ಒರಗಿಸಿ ಬಿಕ್ಕಿದರು. ತಪ್ಪು ನನ್ನದೂ ಇದೆ ಮೇಷ್ಟ್ರೇ ಎಂದು ಹೇಳಬೇಕೆನಿಸಿತು. ಅವರು ಇಡೀ ಪಾಪವನ್ನು ಒಬ್ಬರೇ ಹೊತ್ತುಕೊಂಡು ಮನೆಗೆ ನಡೆದರು. ಅದಾದ ಮೇಲೆ ಯಾವ ಹುಡುಗಿಗೂ ಕಂಬ ಸುತ್ತು ಎನ್ನಲಿಲ್ಲ.

ಚಿಕ್ಕತಾಯಿಗೆ ಎರಡನೆಯ ಆಪರೇಷನ್ ಆಯಿತಂತೆ. ಮಂಡಿ ಪೂರ್ತಿ ಮಡಚುವುದಿಲ್ಲವಂತೆ, ಇನ್ನು ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲವಂತೆ. ಕೂರಲಾಗದವಳಿಗೆ ಖೋ ಖೋ ಎಲ್ಲಿ ಬಂತು? ಹುಡುಗಿಯರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬೀಳುತ್ತಿತ್ತು. ಎಷ್ಟೋ ದಿನ ಅವಳ ಬೆರಳಿಗಾಗಿ ಕಾದೆ.

ವರ್ಷಗಳು ಕಳೆದವು. ಮೇಷ್ಟ್ರು ನಿವೃತ್ತರಾದರು. ಶಾಲೆಗೆ ಬಣ್ಣದ ಮ್ಯಾಟ್ ಬಂತು, ಜೊತೆಗೆ ಹೊಸ ಕಂಬಗಳೂ ಬಂದವು. ನಮ್ಮಿಬ್ಬರನ್ನೂ ಕಿತ್ತರು. ನನ್ನ ಒಡಹುಟ್ಟಿದವನು ಬಿಸಿಯೂಟದ ಕೋಣೆಯ ಹಿಂದೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾದ. ನನ್ನನ್ನು ಆಟದ ಸಾಮಾನಿನ ಕೋಣೆಗೆ ಎಸೆದರು. ಹರಿದ ವಾಲಿಬಾಲ್ ಬಲೆ, ತುದಿ ಮುರಿದ ಜಾವೆಲಿನ್, ಗಾಳಿ ಹೋದ ಚೆಂಡುಗಳ ನಡುವೆ ಮಲಗಿದೆ. ಗೆದ್ದಲು ಬಂದು ಬುಡ ತಿನ್ನತೊಡಗಿದಾಗ ಬೇಸರವೇನೂ ಆಗಲಿಲ್ಲ. ತಿನ್ನಲಿ, ಈ ಗಟ್ಟಿತನ ಯಾರಿಗೆ ಬೇಕಾಗಿದೆ ಎನಿಸಿತ್ತು.

ಒಂದು ದಿನ ಬಾಗಿಲು ತೆರೆಯಿತು. ಯಾರೋ ಹೆಂಗಸು ಬಲೆಗಳನ್ನು ಸರಿಸಿ ನನ್ನ ಮೇಲಿನ ಧೂಳು ಒರೆಸಿದಳು. ಮುಖ ಗುರುತು ಸಿಗಲಿಲ್ಲ. ಎಡಗೈಯ ಬೆರಳುಗಳು ಮೈ ಮೇಲೆ ಹರಿದಾಡಿ ಹಳೆಯ ಉಗುರು ಗುರುತಿನ ಹತ್ತಿರ ನಿಂತವು. ಆಗ ತಿಳಿಯಿತು. ಚಿಕ್ಕತಾಯಿ ಅದೇ ಶಾಲೆಗೆ ಆಟದ ಮೇಡಂ ಆಗಿ ಬಂದಿದ್ದಳು. ನನ್ನನ್ನು ಒಲೆಗೆ ಹಾಕಿಸುತ್ತಾಳೆ, ಹಾಕಿಸಬೇಕಾದದ್ದೇ ಎಂದುಕೊಂಡೆ.

ಅವಳು ಗೆದ್ದಲು ತಿಂದ ಬುಡವನ್ನು ಕೊಯ್ಯಿಸಿ, ಮ್ಯಾಟ್‌ನಿಂದ ಆಚೆ, ಮೈದಾನದ ಒಂದು ಮೂಲೆಯಲ್ಲಿ ನನ್ನನ್ನು ಮತ್ತೆ ನೆಡಿಸಿದಳು. ಮೊದಲಿಗಿಂತ ಕುಳ್ಳಗಾದೆ. ಗೆರೆ ಎಳೆಯುವ ಸುಣ್ಣದ ಪುಡಿಯಲ್ಲಿ ಒದ್ದೆ ಬಟ್ಟೆ ಅದ್ದಿ ನನ್ನ ಮೈಗೆಲ್ಲ ಬಳಿದಳು. ನೋಡುತ್ತಿದ್ದ ಹುಡುಗಿಯರು, "ಮೇಡಂ, ಇದ್ಯಾಕೆ?" ಎಂದರು.

"ಇದು ಮುಟ್ಟಬಾರದ ಕಂಬ. ಪೆಟ್ಟಾಗಿ ವಾಪಸ್ ಬಂದೋರಿಗೆ ಮಾತ್ರ. ಮೊದ್ಲು ಫಿಸಿಯೋ ನೋಡಿ ಸರಿ ಅನ್ಬೇಕು, ಆಮೇಲೆ ಇದ್ನ ಮುಟ್ದಂಗೆ ಸುತ್ಬೇಕು" ಎಂದಳು.

ಈ ಮಳೆಗಾಲ ಕಳೆದ ಮೇಲೆ ಸಿಂಚನ ಎಂಬ ಹುಡುಗಿ ಬಂದಳು. ಅವಳಿಗೂ ಅದೇ ಆಪರೇಷನ್ ಆಗಿತ್ತು. ಫಿಸಿಯೋ ಒಂಟಿ ಕಾಲಲ್ಲಿ ನೆಗೆಸಿ ನೋಡಿ ಒಪ್ಪಿದ್ದರು. ವಲಯ ಮಟ್ಟದ ಪಂದ್ಯ ಹತ್ತಿರ ಬಂದಿತ್ತು. ಬಲಕ್ಕೆ ಚೆನ್ನಾಗಿ ಸುತ್ತಿದಳು. ಎಡಕ್ಕೆ ಬರುವಾಗ ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು. ಬೇಡವ್ವ, ಬೇಡ ಎಂದು ನಾನು ಒಳಗೇ ಕೂಗಿದೆ. ಅವಳ ಕೈ ಬಂದು ನನ್ನನ್ನು ಹಿಡಿಯಿತು.

"ಮುಟ್ಟಿಲ್ಲ ಮೇಡಂ" ಎಂದಳು ಏದುಸಿರು ಬಿಡುತ್ತ.

"ಕೈ ತೋರ್ಸು."

ಹುಡುಗಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಚಿಕ್ಕತಾಯಿ ತನ್ನ ಅಂಗೈಯನ್ನು ಮುಂದೆ ಚಾಚಿದಳು. ಕೊನೆಗೆ ಸಿಂಚನ ಅಂಗೈ ಬಿಡಿಸಿದಳು. ಬೆಳ್ಳಗಿತ್ತು. ಹುಡುಗಿ ನೆಲಕ್ಕೆ ಕುಸಿದು ಅಳತೊಡಗಿದಳು.

"ನೆಗೆಯೋದು ಬೇರೆ ಕಣವ್ವ, ಅಟ್ಟುತ್ತಾ ಅಟ್ಟುತ್ತಾ ತಿರುಗೋದು ಬೇರೆ. ಇನ್ನೂ ಸ್ವಲ್ಪ ದಿನ. ಕಾಲಿಗೆ ನಂಬಿಕೆ ಬಂದಿಲ್ಲ, ಕೈ ಹೇಳ್ತಾ ಅದೆ." ಚಿಕ್ಕತಾಯಿ ಬಲಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ, ಕಷ್ಟಪಟ್ಟು ಅವಳ ಪಕ್ಕ ಕೂತಳು. "ನಾನೂ ಹಿಂಗೇ ಹಿಡ್ಕಂಡಿದ್ದೆ, ಇದೇ ಕಂಬಾನ. ಯಾರಿಗೂ ಹೇಳ್ಲಿಲ್ಲ."

"ಹಂಗಾದ್ರೆ ಇದ್ನ ಯಾಕೆ ಇಟ್ಕಂಡಿದ್ದೀರಿ ಮೇಡಂ? ಕಡಿದು ಹಾಕ್ಬೇಕಿತ್ತು."

"ಪಾಪ, ಕಂಬ ಏನ್ ಮಾಡ್ತದೆ? ಹಿಡ್ಕಂಡೋರ್ನ ಬೀಳ್ದಂಗೆ ನಿಲ್ಲಿಸ್ತದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಡಿಸಿದ್ದರೂ ಸೈ. ಆ 'ಪಾಪ' ಎನ್ನುವ ಮಾತನ್ನು ತಡೆಯಲಾಗಲಿಲ್ಲ.

ಆಮೇಲೆ ಚಿಕ್ಕತಾಯಿ ಮೇಲೇಳಲು ನನ್ನ ಕಡೆ ಕೈ ಚಾಚಿದಳು. ಅದೇ ಎಡಗೈ, ಐದು ಬೆರಳು, ಪೂರ್ತಿ ಅಂಗೈ. ಬಲಗಾಲು ಹೊರಲಾರದ ಅದೇ ಭಾರ. ನಾನು ಬಿಗಿದು ನಿಂತೆ. ನನಗೆ ಬೇರೇನು ಗೊತ್ತು? ಎದ್ದು ನಿಂತವಳು ಅಂಗೈ ನೋಡಿಕೊಂಡು ಸಿಂಚನಳಿಗೆ ತೋರಿಸಿದಳು. "ನೋಡು, ನಂದೂ ಬೆಳ್ಳಗೇ ಅದೆ. ನಾನೂ ಫೇಲು."

ಹುಡುಗಿ ಅಳುತ್ತಲೇ ನಕ್ಕಳು. ಇಬ್ಬರೂ ಕೈ ತೊಳೆಯಲು ನಲ್ಲಿಯ ಕಡೆ ಹೋದರು. ನನ್ನ ಮೈ ಮೇಲೆ ಎರಡು ಕಡೆ ಸುಣ್ಣ ಅಳಿಸಿ ಬೆರಳುಗಳ ಗುರುತು ಉಳಿದಿತ್ತು, ಒಂದು ಚಿಕ್ಕದು, ಒಂದು ದೊಡ್ಡದು. ಅಂದು ಯಾರಾದರೂ ನನಗೆ ಇಷ್ಟು ಸುಣ್ಣ ಬಳಿದಿದ್ದರೆ ಎಂದುಕೊಳ್ಳುತ್ತ ನಾನು, ಚಿಕ್ಕತಾಯಿ ಕುಂಟುತ್ತ ನಡೆಯುವುದನ್ನೇ ನೋಡುತ್ತಿದ್ದೆ.