ಜಿರಾಫೆಯಣ್ಣ ಮುಚ್ಚಿಟ್ಟ ಕಿಟಕಿ

ಆಗತಾನೆ ಕೊಯ್ದ ಮರದ ವಾಸನೆ ಎಂದರೆ ನನಗೆ ಚಿಕ್ಕಂದಿನಿಂದಲೂ ಬಲು ಇಷ್ಟ. ನಮ್ಮ ಶಾಲೆಗೆ ಹೊಸ ಬೆಂಚು ಮಾಡಿಸಿದ ವರ್ಷ, ಅಂಗಳದಲ್ಲಿ ರಾಶಿ ಬಿದ್ದಿದ್ದ ಹೊಟ್ಟನ್ನು ಬೊಗಸೆಯಲ್ಲಿ ತುಂಬಿಕೊಂಡು ಮೂಸುತ್ತಿದ್ದೆವು. ಸಿಹಿಯಾದ, ತುಸು ಒಗರಾದ ವಾಸನೆ. ಅಷ್ಟು ಒಳ್ಳೆಯದರಿಂದ ತೊಂದರೆಯಾದೀತೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಪಕ್ಕದ ಮನೆಯವನಿಗೂ ಹೊಳೆದಿರಲಿಲ್ಲ. ಬೀದಿಯವರೆಲ್ಲ ಅವನನ್ನು ಜಿರಾಫೆಯಣ್ಣ ಎನ್ನುತ್ತಾರೆ. ಕತ್ತೇನೂ ಉದ್ದವಿಲ್ಲ, ಅವನು ಮಾಡುವ ಮರದ ಜಿರಾಫೆಗಳು ಅಷ್ಟು ಚೆಂದ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸ್ಕ್ರೋಲ್ ಗರಗಸ ಇಟ್ಟುಕೊಂಡಿದ್ದಾನೆ. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುವ, ದಾರದಂಥ ಸಣ್ಣ ಅಲಗು ಅದರದು. ಪ್ಲೈವುಡ್ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು, ಗೆರೆಯ ಗುಂಟ ಹಲಗೆಯನ್ನು ತಿರುಗಿಸುತ್ತಾ ಹೋದರೆ ಆನೆ, ಒಂಟೆ, ಅಕ್ಷರ ಎಲ್ಲವೂ ಹುಟ್ಟುತ್ತವೆ. ಸಂಸಾರ ನಡೆಯುವುದು ಅದರಿಂದಲೇ.

ಸಂಜೆ ಮಿಷನ್ನಿನ ಸದ್ದು ನಿಂತರೆ ಸಾಕು, ಮಗಳು ಪುಟ್ಟಿ ಓಡಿಹೋಗಿ ಅಪ್ಪನ ಕೊರಳಿಗೆ ಜೋತುಬಿದ್ದು ಅಂಗಿಯಲ್ಲಿ ಮೂಗು ಹುದುಗಿಸುತ್ತಿದ್ದಳು.

ಈ ವರ್ಷ ಪುಟ್ಟಿಗೆ ಉಬ್ಬಸ ಶುರುವಾಯಿತು. ಔಷಧಿ ಕೊಟ್ಟರೆ ತಗ್ಗುತ್ತಿತ್ತು, ಮತ್ತೆ ಬರುತ್ತಿತ್ತು. ಉಸಿರಾಡಿದರೆ ಎದೆಯೊಳಗೆ ಸಿಳ್ಳೆ. ಒಂದು ಮಧ್ಯಾಹ್ನ ನಾನು ನೋಡಿಕೊಂಡು ಬರೋಣವೆಂದು ಹೋದರೆ, ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆದಿತ್ತು.

"ಮಾರಿಬಿಡ್ರೀ ಆ ಮಿಷನ್ನ! ನನಗೆ ನನ್ನ ಮಗು ಮುಖ್ಯ."

"ಮಾರಿ ಏನು ತಿನ್ನೋದು? ನನಗೆ ಬರೋದು ಇದೊಂದೇ ಕೆಲಸ ಕಣೇ."

"ಧೂಳಿಂದ ದೂರ ಇಡಿ ಅಂತ ಡಾಕ್ಟರ್ ಬಾಯಿ ಬಿಟ್ಟು ಹೇಳಲಿಲ್ವಾ?"

"ಅವರು ಹೇಳಿದ್ದು ರಸ್ತೆ ಧೂಳು. ಇದು ಮರ! ನಮ್ಮ ತಾತ ಬದುಕಿರೋ ತನಕ ಮರ ಕೊಯ್ದ. ಒಂದು ಸೀನೂ ಸೀನಲಿಲ್ಲ."

ಪುಟ್ಟಿಯನ್ನು ನೋಡಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ತಾತ ಎಲ್ಲಿ ಕೂತು ಕೊಯ್ತಿದ್ರು ಅಣ್ಣಾ?"

"ಬಯಲಲ್ಲಿ."

"ಕೈಗರಗಸ ತಾನೇ? ಅದರ ಹೊಟ್ಟು ಸಕ್ಕರೆ ಹರಳಿನಷ್ಟು ದಪ್ಪ, ಕಾಲ ಬುಡಕ್ಕೇ ಬೀಳೋದು. ಮಿಕ್ಕಿದ್ದು ಗಾಳಿಗೆ ಹೋಗೋದು. ನಿಮ್ಮದು ಮುಖಕ್ಕೆ ಹಚ್ಚೋ ಪೌಡರ್ ಥರ. ಬನ್ನಿ, ತೋರಿಸ್ತೀನಿ."

ಅವನು ಊಟಕ್ಕೆ ಮುಂಚೆಯೇ ಮಿಷನ್ ನಿಲ್ಲಿಸಿದ್ದ. ಕೋಣೆಯ ದೀಪ ಆರಿಸಿ ನರ್ಸಮ್ಮ ಟಾರ್ಚ್ ಹಾಕಿದಳು. ಬೆಳಕು ಬಿದ್ದ ಕಡೆಯೆಲ್ಲ ಕಣಗಳು ತೇಲುತ್ತಿದ್ದವು, ಇಳಿಯುವ ಆತುರವೇ ಇಲ್ಲದ ಹಾಗೆ.

"ಇವತ್ತು ಇನ್ನೂ ಗುಡಿಸಿಲ್ಲ, ಅದಕ್ಕೇ..." ಎಂದ.

"ಒಣ ಪೊರಕೆ ಪುಡಿಯನ್ನ ತೆಗೆಯಲ್ಲ ಅಣ್ಣಾ, ಎಬ್ಬಿಸುತ್ತೆ. ಎಲ್ಲಿ, ಒಂದು ಸಲ ಕೊಯ್ದು ತೋರಿಸಿ."

ಅವನು ಮೂಗಿಗೆ ಟವೆಲ್ ಸುತ್ತಿಕೊಂಡು ಕೂತ. ಆನೆಯ ಸೊಂಡಿಲು ಅರ್ಧ ಆಗುವಷ್ಟರಲ್ಲಿ ಟವೆಲ್ ಕೆಳಗೆ ಸರಿಸಿ, ಬಗ್ಗಿ 'ಉಫ್' ಎಂದು ಊದಿದ. ಮತ್ತೆ ಕೊಯ್ದ, ಮತ್ತೆ ಊದಿದ.

"ಊದೋಕೆ ಮಿಷನ್ನಲ್ಲೇ ಪುಟ್ಟ ಪೈಪ್ ಇರುತ್ತಲ್ವಾ?"

"ಅದು ಕಿತ್ತು ಯಾವ ಕಾಲ ಆಯ್ತು. ಗೆರೆ ಕಾಣಬೇಕಲ್ಲ? ಬಾಯಿ ಇದೆ, ಕರೆಂಟೂ ಬೇಡ."

ನನಗೆ ನಗು ಬಂತು. ಅವನ ಹೆಂಡತಿ ನಗಲಿಲ್ಲ.

"ಊದಿದ ಮೇಲೆ ಉಸಿರು ಎಳ್ಕೊಳ್ಳಲೇಬೇಕಲ್ಲ ಅಣ್ಣಾ? ಅದೇ ಪುಡಿ ಎದೆಗೆ ಹೋಗುತ್ತೆ. ಪ್ಲೈವುಡ್ಡಲ್ಲಿ ಅಂಟು ಬೇರೆ ಇರುತ್ತೆ, ಅದೂ ಎದೆಗೆ ಒಳ್ಳೇದಲ್ಲ."

ಆಮೇಲೆ ಅವಳು ಪುಟ್ಟಿ ಮಲಗುವ ಕೋಣೆಗೆ ಹೋಗಿ, ಒದ್ದೆ ಬಟ್ಟೆಯಿಂದ ಬೀರುವಿನ ಮೇಲೆ ಒಂದು ಸಲ ಒರೆಸಿ ತಂದು ತೋರಿಸಿದಳು. ಬಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು. ಜಿರಾಫೆಯಣ್ಣ ಅದನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. ತಾತನ ಮಾತು ಮತ್ತೆ ಎತ್ತಲಿಲ್ಲ.

"ಮಿಷನ್ ಕೋಣೆಯ ಕಿಟಕಿ ಯಾಕೆ ಮುಚ್ಚಿದ್ದೀರಿ? ಚಿಲಕ ತುಕ್ಕು ಹಿಡಿದಿದೆ," ಎಂದಳು ನರ್ಸಮ್ಮ.

ಅವನು ತಲೆ ಕೆರೆದುಕೊಂಡ. ಹೆಂಡತಿಯೇ ಹೇಳಿದಳು: "ಆಚೆ ದೊಡ್ಡಮ್ಮ ಬಟ್ಟೆ ಒಣಹಾಕ್ತಾರಲ್ಲ. ಪುಡಿ ಕೂರುತ್ತೆ ಅಂತ ಇವರು ತೆಗೆಯೋದೇ ಇಲ್ಲ."

ದೊಡ್ಡಮ್ಮ ಎಂದರೆ ನಾನು. ನನ್ನ ಬಟ್ಟೆಯ ಹಗ್ಗ ಇದ್ದದ್ದು ಆ ಕಿಟಕಿಯ ಎದುರಿಗೇ.

"ಅಯ್ಯೋ ಪೆದ್ದಪ್ಪಾ, ಬಟ್ಟೆಯಾದ್ರೆ ಒಗೀಬಹುದು. ಎದೆ ಒಗೆಯೋಕಾಗುತ್ತಾ? ನನಗೊಂದು ಮಾತು ಹೇಳಬಾರದಿತ್ತಾ?"

"ಹಗ್ಗ ಬಿಚ್ಚಿ ಅಂತ ನಿಮಗೆ ಹೇಗೆ ಹೇಳೋದು ದೊಡ್ಡಮ್ಮಾ?"

ಅಂದೇ ಹಗ್ಗವನ್ನು ನಮ್ಮ ಮನೆಯ ಇನ್ನೊಂದು ಬದಿಗೆ ಕಟ್ಟಿಸಿದೆ. ಅವನು ಕಿಟಕಿಗೆ ಗಾಳಿಯನ್ನು ಹೊರಕ್ಕೆ ನೂಕುವ ಎಕ್ಸಾಸ್ಟ್ ಫ್ಯಾನ್ ಕೂರಿಸಿದ. ಊದುವ ಪೈಪ್ ಹೊಸದು ಹಾಕಿದ. ಸಣ್ಣ ಪುಡಿಯನ್ನೂ ಹಿಡಿಯುವ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್ ತಂದು, ಅದರ ಬಾಯನ್ನು ಅಲಗಿನ ಪಕ್ಕಕ್ಕೇ ಕಟ್ಟಿದ. ಪುಡಿ ಹಾರುವ ಮೊದಲೇ ಒಳಗೆ ಸೇರಬೇಕು. ಮನೆಯೊಳಗಿನ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬಂತು. ಟವೆಲ್ ಹೋಗಿ, ಮೂಗಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬಂತು. ಕೆಲಸ ಮುಗಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಆಮೇಲೆ ಮಿಷನ್ನಿನ ಪ್ಲಗ್ ಕಿತ್ತು, ಮೇಜು ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಹೊಟ್ಟು ಮುಚ್ಚಳದ ಡಬ್ಬಿಗೆ, ಬೆಂಕಿಯಿಂದ ದೂರ. ಪ್ಲೈವುಡ್ ಪುಡಿಯನ್ನು ಸುಡುವುದಂತೂ ಇಲ್ಲ.

ನರ್ಸಮ್ಮ ಹೇಳಿದ್ದಕ್ಕೆಲ್ಲ ಹೂಂ ಎಂದವನು ಒಂದಕ್ಕೆ ಮಾತ್ರ ತಡವರಿಸಿದ್ದ.

"ಮಗು ಓಡಿ ಬರುತ್ತೆ ನರ್ಸಮ್ಮಾ. ಬರಬೇಡ ಅಂತ ಹೇಗೆ ದೂಡಲಿ?"

"ದೂಡಬೇಡಿ. ಅಂಗಿ ಬದಲಾಯಿಸೋ ತನಕ ಕಾಯಿಸಿ, ಅಷ್ಟೆ. ಅಂಗಿಯಲ್ಲಿರೋ ಪುಡಿ ನೇರ ಅವಳ ಮೂಗಿಗೇ ಹೋಗ್ತಿರೋದು."

ಈಗ ಪುಟ್ಟಿಯೇ ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ಕಾವಲು ನಿಲ್ಲುತ್ತಾಳೆ. "ಅಪ್ಪಾ, ಅಂಗಿ? ಕೈ? ಕಿವಿ ಹಿಂದೆ?" ಪೊಲೀಸರೂ ಅಷ್ಟು ಕೇಳಲಾರರು. ಎಲ್ಲಕ್ಕೂ ಸರಿಯಾದ ಉತ್ತರ ಬಂದ ಮೇಲೆ ಹಾರಿ ಕೊರಳಿಗೆ ಬೀಳುತ್ತಾಳೆ.

ಉಬ್ಬಸ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಡಾಕ್ಟರ್ ಕೊಟ್ಟ ಔಷಧಿ ನಡೆದೇ ಇದೆ. ಆದರೆ ಅವಳು ಈಗ ಬೀದಿಯ ತುದಿಯವರೆಗೂ ಓಡಿ ಬರುತ್ತಾಳೆ, ನಡುವೆ ಕೂರುವುದಿಲ್ಲ. ಮಾರುವ ಮಾತು ಆ ಮನೆಯಲ್ಲಿ ಮತ್ತೆ ಕೇಳಿಲ್ಲ.

ನಿಮ್ಮ ಮನೆಯಲ್ಲೂ ಮರ ಕೊಯ್ಯುವವರು ಇದ್ದಾರೆಯೇ? ಕೆಲಸ ನಿಲ್ಲಿಸಿ ಎಂದು ಬೇಡುತ್ತಿಲ್ಲ. ಇವತ್ತೇ ದೀಪ ಆರಿಸಿ ಒಂದು ಟಾರ್ಚ್ ಹಾಕಿ ನೋಡಿ. ಪುಡಿಯನ್ನು ಹುಟ್ಟುವ ಜಾಗದಲ್ಲೇ ಹಿಡಿಯಿರಿ, ಬಾಯಲ್ಲಿ ಊದಬೇಡಿ, ಒಣ ಪೊರಕೆ ಆಡಿಸಬೇಡಿ, ಪುಡಿಯ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಬೇಕಾಗಿದ್ದರೆ ಸಂಕೋಚಪಡದೆ ಹೇಳಿಬಿಡಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊನ್ನೆ ನಾನು ಹೋದಾಗ ಜಿರಾಫೆಯಣ್ಣ ಕೆಲಸ ಮುಗಿಸಿ, ಮುಖ ತೊಳೆದು, ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಪುಟ್ಟಿ ಅವನ ತೋಳಿಗೊರಗಿ ನಿದ್ದೆ ಹೋಗಿದ್ದಳು. ಉಸಿರಿನಲ್ಲಿ ಸಿಳ್ಳೆ ಇರಲಿಲ್ಲ. ಅವನು ಅಲುಗದೆ ಕೂತಿದ್ದ. ಹೆಂಡತಿ ಒಳಗಿನಿಂದ ಬಂದಳು. ಬಿಸಿ ಊಟದ ತಟ್ಟೆಯನ್ನು ಅವನ ಖಾಲಿ ಇದ್ದ ಕೈಗೆ ಕೊಟ್ಟಳು.